ಅಪ್ಪನ ಕಣ್ಣಿಗೆ ಇಂಜೆಕ್ಷನ್ ಬೇಕಂತೆ, ಮೊದಲು ಚೀನಾ ಗಿಡಮೂಲಿಕೆ ಔಷಧಿ ಕೊಟ್ಟು ನೋಡಬಹುದಾ?

ಗುಬ್ಬಿ ತೋಟದವನು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು. ಅಪ್ಪನಿಗೆ 61 ವರ್ಷ, ಶುಗರ್ ಬಂದು 14 ವರ್ಷ ಆಯಿತು. ಮಾತ್ರೆ ತಗೊಳ್ಳುತ್ತಾರೆ, ಆದರೆ ಮದುವೆ ಮನೆ, ತಿಥಿ ಊಟ ಅಂದರೆ ಪಥ್ಯ ಮರೆತುಬಿಡುತ್ತಾರೆ. ಹೋದ ತಿಂಗಳು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ "ಈ ಸಲ ಗೆರೆ ಯಾಕೋ ಸೊಟ್ಟಗೆ ಎಳೆದಿದ್ದಾರಲ್ಲ" ಅಂದರು. ಗೆರೆ ನೆಟ್ಟಗೇ ಇತ್ತು. ತೋಟದಲ್ಲಿ ಕಾಯಿ ಎಣಿಸುವಾಗಲೂ ಎರಡು ಸಲ ಲೆಕ್ಕ ತಪ್ಪಿದರು, ಅದು ಅಪ್ಪನಿಗೆ ಆಗುವಂಥದ್ದೇ ಅಲ್ಲ.

ತುಮಕೂರಿಗೆ ಕರೆದುಕೊಂಡು ಹೋದೆ. ಡ್ರಾಪ್ಸ್ ಹಾಕಿ ನೋಡಿದರು, ಸ್ಕ್ಯಾನ್ ಮಾಡಿದರು. ಎರಡೂ ಕಣ್ಣಿನ ಒಳಗಿನ ಪರದೆಯಲ್ಲಿ (ರೆಟಿನಾ) ನೀರು ತುಂಬಿ ಊದಿದೆ, ಅಲ್ಲಲ್ಲಿ ರಕ್ತದ ಚುಕ್ಕೆ ಇದೆ, ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಹಾಕಿ ಆಮೇಲೆ ನೋಡೋಣ, ಲೇಸರ್ ಕೂಡ ಬೇಕಾಗಬಹುದು ಅಂದರು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಕಣ್ಣಿಗೆ ಸೂಜಿ ಚುಚ್ಚಿಸ್ಕೊಳ್ಳೋದಾ? ಕುರುಡನಾದ್ರೂ ಸರಿ, ಅದೊಂದು ಬೇಡ" ಅಂತ.

ಈಗ ವಿಷಯ ಏನಂದರೆ, ನಮ್ಮ ಸೋದರತ್ತೆ ಮಗ ಚೀನಾದ ಶೆನ್‌ಜೆನ್‌ನಲ್ಲಿ ಕೆಲಸದಲ್ಲಿದ್ದಾನೆ. ವಿಷಯ ಕೇಳಿ ಎರಡು ಬಾಕ್ಸ್ ಕಳಿಸಿದ್ದಾನೆ. ಒಂದು ಬಿಸಿನೀರಿಗೆ ಹಾಕಿ ಕುಡಿಯುವ ಪುಡಿ, ಒಂದು ಕ್ಯಾಪ್ಸೂಲ್. ಶುಗರಿಂದ ಕಣ್ಣು ಮಂಜಾದವರಿಗೆ ಅಲ್ಲಿ ಇದನ್ನೇ ಕೊಡುತ್ತಾರಂತೆ, ಸಾವಿರಾರು ವರ್ಷದ ವೈದ್ಯವಂತೆ. ಅಪ್ಪ ಮೂರು ತಿಂಗಳು ಇದನ್ನು ತಗೊಂಡು ಆಮೇಲೆ ನೋಡೋಣ ಅನ್ನುತ್ತಿದ್ದಾರೆ. ಇನ್ನೊಂದು ಮಾತು, ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಪಾವಗಡ ಬಿಸಿಲು
ಮೂರು ತಿಂಗಳು ಕಾಯಬೇಡಿ. ಅಷ್ಟೇ.

ಸಿದ್ದರಬೆಟ್ಟ
ಚೀನಾದಿಂದ ಯಾಕೆ ತರಿಸಬೇಕು ಸ್ವಾಮಿ? ನಮ್ಮ ಕೊರಟಗೆರೆ ಕಡೆ ಸಿದ್ದರಬೆಟ್ಟದಲ್ಲಿ ಇಲ್ಲದ ಗಿಡಮೂಲಿಕೆ ಇದೆಯಾ? ಮಧುನಾಶಿನಿ, ನೇರಳೆ ಬೀಜ, ಅಮೃತಬಳ್ಳಿ, ತಂಗಡಿ ಹೂವು. ನನಗೆ ಊಟಕ್ಕೆ ಮುಂಚೆ 190 ಇದ್ದದ್ದು 120ಕ್ಕೆ ಬಂತು, ಬರೀ ಕಷಾಯ ಮತ್ತು ನಡಿಗೆಯಿಂದ. ಇಂಗ್ಲಿಷ್ ಔಷಧಿಯವರು ಎಲ್ಲದಕ್ಕೂ ಮೊದಲು ಹೆದರಿಸುತ್ತಾರೆ.

ಕೋಲಾರದ ನರ್ಸಕ್ಕ
@ಸಿದ್ದರಬೆಟ್ಟ ಅಣ್ಣಾ, ಶುಗರ್ ಇಳಿದಿದ್ದು ಒಳ್ಳೆಯದೇ, ಖುಷಿ. ಆದರೆ ಇಲ್ಲಿ ಕೇಳಿರುವ ಪ್ರಶ್ನೆ ಬೇರೆ. ಅವರ ಅಪ್ಪನ ಪರದೆ ಆಗಲೇ ಊದಿದೆ. ಮನೆ ಸೋರುತ್ತಿರುವಾಗ ಮಳೆ ನಿಲ್ಲಲಿ ಅಂತ ಕಾದರೆ ಆಗುತ್ತಾ? ಸೂರೂ ಸರಿ ಮಾಡಬೇಕು.

@ಗುಬ್ಬಿ ತೋಟದವನು, ನಾನು ಕಣ್ಣಿನ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ನಿಮ್ಮ ಅಪ್ಪನ ಹಾಗೆ ಎದ್ದು ಹೋದವರನ್ನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಭಯ ತಪ್ಪಲ್ಲ. ಸೂಜಿ ಅಂದ ತಕ್ಷಣ ಎಲ್ಲರೂ ಕಪ್ಪು ಗುಡ್ಡೆಗೆ ಚುಚ್ಚುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತೇವೆ. ಅಯೋಡಿನ್ ದ್ರಾವಣದಲ್ಲಿ ತೊಳೆಯುತ್ತೇವೆ, ಆಗ ಸ್ವಲ್ಪ ಉರಿ. ರೆಪ್ಪೆ ಮುಚ್ಚದ ಹಾಗೆ ಒಂದು ಸಣ್ಣ ಕ್ಲಿಪ್ ಇಡುತ್ತೇವೆ. "ಕಾಲಿನ ಕಡೆ ನೋಡಿ ಅಜ್ಜಾ" ಅನ್ನುವಷ್ಟರಲ್ಲಿ ಡಾಕ್ಟರ್ ಬಿಳಿ ಭಾಗದಲ್ಲಿ ತುಂಬ ಸಣ್ಣ ಸೂಜಿಯಿಂದ ಹಾಕಿ ಮುಗಿಸಿರುತ್ತಾರೆ. ಒತ್ತಿದ ಹಾಗೆ ಗೊತ್ತಾಗುತ್ತೆ, ಅಷ್ಟೇ. ಮುಗಿದ ಮೇಲೆ "ಯಾವಾಗ ಹಾಕ್ತೀರಾ?" ಅಂತ ಕೇಳಿದವರು ಎಷ್ಟೋ ಜನ.

ಮಾರನೇ ದಿನ ಬಿಳಿ ಭಾಗ ಕೆಂಪಾಗಿ ಕಂಡರೆ ಹೆದರಬೇಡಿ, ಒಂದೆರಡು ವಾರದಲ್ಲಿ ಹೋಗುತ್ತೆ. ಆದರೆ ನೋವು ಜಾಸ್ತಿ ಆಗುತ್ತಾ ಹೋದರೆ, ದೃಷ್ಟಿ ಇನ್ನೂ ಮಂಜಾದರೆ, ಬೆಳಕು ನೋಡೋಕೆ ಆಗದಿದ್ದರೆ ಅವತ್ತೇ ಓಡಿ ಬರಬೇಕು. ಸೋಂಕು ಅಪರೂಪ, ಬಂದರೆ ಗಂಟೆಗಳ ಲೆಕ್ಕ.

ಚಿಂತಾಮಣಿ 24
ನರ್ಸಕ್ಕ, ಇಂಜೆಕ್ಷನ್ ದುಬಾರಿ ಅಂತಾರಲ್ಲ? ನಮ್ಮ ಮಾವನಿಗೆ ಹೇಳಿದ ರೇಟು ಕೇಳಿ ಎದೆ ಒಡೆಯಿತು.

ಕೋಲಾರದ ನರ್ಸಕ್ಕ
ಬೇರೆ ಬೇರೆ ಔಷಧಿ ಇವೆ. ಬೆವಾಸಿಜುಮಾಬ್ ಅಗ್ಗ. ಅದು ಮೊದಲು ಕ್ಯಾನ್ಸರಿಗೆ ಬಂದ ಔಷಧಿ, ಕಣ್ಣಿಗೆ ಸಣ್ಣ ಡೋಸ್‌ನಲ್ಲಿ ಬಳಸುತ್ತಾರೆ. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಜಾಸ್ತಿ ರೇಟು. ರಾನಿಬಿಜುಮಾಬ್‌ಗೆ ನಮ್ಮ ದೇಶದಲ್ಲೇ ತಯಾರಾದ ಕಡಿಮೆ ಬೆಲೆಯದ್ದು 2015ರಿಂದ ಸಿಗುತ್ತಿದೆ. ಯಾವುದು ಸಾಕು ಅಂತ ಡಾಕ್ಟರನ್ನೇ ನೇರವಾಗಿ ಕೇಳಿ, ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಎರಡೂ ಇಟ್ಟುಕೊಳ್ಳಿ.

ತಿಪಟೂರು ಕೊಬ್ಬರಿ
ಬೆಂಗಳೂರು ಮಿಂಟೋ ಆಸ್ಪತ್ರೆಗೆ ಹೋಗಿ. 1896ರಲ್ಲಿ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ, ಪರದೆಗೆ ಬೇರೆ ವಿಭಾಗವೇ ಇದೆ. ಗುಬ್ಬಿಯಲ್ಲಿ ಬೆಳಿಗ್ಗೆ ರೈಲು ಹತ್ತಿ, ಮೆಜೆಸ್ಟಿಕ್‌ನಿಂದ ಮಾರ್ಕೆಟ್ ಬಸ್. ಕ್ಯೂ ಇರುತ್ತೆ, ಬುತ್ತಿ ಕಟ್ಟಿಕೊಂಡು ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜು, ಒಬ್ಬರನ್ನೇ ಕಳಿಸಬೇಡಿ.

ಶಿಡ್ಲಘಟ್ಟ ರೇಷ್ಮೆ
ನಾನು ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ನೆ ಹೋಗುವವಳು. ಇವತ್ತು ಬರೆಯದೆ ಇರೋಕೆ ಆಗಲಿಲ್ಲ.

ನಮ್ಮಮ್ಮ ಮೂವತ್ತು ವರ್ಷ ರೇಷ್ಮೆ ರೀಲಿಂಗ್ ಮಾಡಿದವರು. ಬಿಸಿನೀರಿನ ಬೇಸಿನ್‌ನಲ್ಲಿ ಗೂಡು ತೇಲುತ್ತಿರುತ್ತೆ, ಒಂದೊಂದು ಗೂಡಿನ ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಜೇಡರ ಬಲೆಯಂಥ ಸಣ್ಣ ಎಳೆ. ಅಮ್ಮ ನೋಡದೆಯೇ ಹಿಡಿಯುತ್ತಿದ್ದರು. ಒಂದು ದಿನ ಬೇಸಿನ್ ಮುಂದೆ ಕೂತು ಬೆರಳು ನೀರಲ್ಲಿ ಆಡಿಸುತ್ತಾ ಇದ್ದಾರೆ, ಎಳೆ ಸಿಗುತ್ತಿಲ್ಲ. ನಮಗೆ ವಯಸ್ಸಾಯಿತು ಅನ್ನಿಸಿತು. ಡಾಕ್ಟರ್ ಲೇಸರ್ ಮಾಡಿಸಿ ಅಂದರು. ಅದೇ ಸಮಯಕ್ಕೆ ಊರಲ್ಲಿ ಕ್ಯಾಂಪ್ ಹಾಕಿದ್ದವರೊಬ್ಬರು, ಹೆಸರು ಬೇಡ, ನಾಡಿ ಹಿಡಿದು "ಲೇಸರ್ ಅಂದ್ರೆ ಸುಡೋದು, ಸುಟ್ಟ ಕಣ್ಣು ಮತ್ತೆ ಬರುತ್ತಾ? ಚೀನಾ ಸೂಜಿ ಚಿಕಿತ್ಸೆ, ಪುಡಿ, ಎರಡು ಮಾಡಿದ್ರೆ ಕನ್ನಡಕಾನೂ ಬಿಡಿಸ್ತೀನಿ" ಅಂದರು. ಎಂಟು ತಿಂಗಳು ಕೊಟ್ಟೆವು. ಶುಗರ್ ಮಾತ್ರೆಯನ್ನೂ ಅವರ ಮಾತು ಕೇಳಿ ನಿಲ್ಲಿಸಿದೆವು.

ಯುಗಾದಿ ಹಿಂದಿನ ದಿನ ಹೂರಣ ರುಬ್ಬುತ್ತಾ ಕೂತಿದ್ದ ಅಮ್ಮ "ಎಡಗಣ್ಣಲ್ಲಿ ಕಪ್ಪು ದಾರ ಇಳೀತಾ ಇದೆ ಕಣೇ" ಅಂದರು. ಸಂಜೆಗೆ ಆ ಕಣ್ಣು ಪೂರ್ತಿ ಕತ್ತಲೆ. ಹೊಸ ರಕ್ತನಾಳ ಬೆಳೆದು ಅದು ಒಡೆದು ಕಣ್ಣೊಳಗೆ ರಕ್ತ ತುಂಬಿತ್ತು, ಪರದೆಯನ್ನೂ ಎಳೆದಿತ್ತು. ಆಪರೇಷನ್ ಆಯಿತು. ಈಗ ಆ ಕಣ್ಣಲ್ಲಿ ಕೈ ಆಡಿಸಿದರೆ ಗೊತ್ತಾಗುತ್ತೆ, ಅಷ್ಟೇ. ಬಲಗಣ್ಣಿಗೆ ಲೇಸರ್ ಮಾಡಿಸಿದೆವು, ಅದು ಉಳಿದಿದೆ. ಅಮ್ಮ ಈಗ ಗೂಡು ಆರಿಸುತ್ತಾರೆ, ಬೇಸಿನ್ ಮುಂದೆ ಕೂರಲ್ಲ.

ಚೀನಾ ಔಷಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನಗೆ ಅದರ ಬಗ್ಗೆ ಗೊತ್ತಿಲ್ಲ. ಆ ಎಂಟು ತಿಂಗಳು ನಮಗೆ ವಾಪಸ್ ಸಿಗಲಿಲ್ಲ.

ಪಾವಗಡ ಬಿಸಿಲು
ಓದಿ ಕಣ್ಣು ತುಂಬಿತು ಅಕ್ಕ. ಅಮ್ಮನಿಗೆ ನಮಸ್ಕಾರ ಹೇಳಿ.

ಸಿದ್ದರಬೆಟ್ಟ
@ಶಿಡ್ಲಘಟ್ಟ ರೇಷ್ಮೆ ತಾಯಿ, ಶುಗರ್ ಮಾತ್ರೆ ನಿಲ್ಲಿಸು ಅಂದವನು ವೈದ್ಯನೇ ಅಲ್ಲ. ನಿಜವಾದ ಆಯುರ್ವೇದದವರು ಹಾಗೆ ಹೇಳಲ್ಲ. ಅಂಥವರಿಂದ ಎಲ್ಲರ ಹೆಸರೂ ಕೆಡುತ್ತೆ.

ಬಾಗೇಪಲ್ಲಿ ಮೇಷ್ಟ್ರು
ಲೇಸರ್ ಅಂದರೆ ಸುಡೋದು ಅನ್ನುವ ಮಾತು ನಮ್ಮ ಕಡೆಯೂ ಇದೆ. ಅರ್ಧ ನಿಜ. ನಾನೇ ಮಾಡಿಸಿಕೊಂಡವನು. ಗಲ್ಲ ಇಟ್ಟು ಕೂರಬೇಕು, ಹಸಿರು ಬೆಳಕು ಪಟ್ ಪಟ್ ಅಂತ ಹೊಡೆಯುತ್ತೆ. ಪರದೆಯ ಅಂಚಿನಲ್ಲಿ ಸಣ್ಣ ಸಣ್ಣ ಸುಟ್ಟ ಗುರುತು ಮಾಡುತ್ತಾರೆ, ಅದರಿಂದ ಹೊಸ ಕೆಟ್ಟ ರಕ್ತನಾಳ ಬೆಳೆಯೋದು ನಿಲ್ಲುತ್ತೆ. ಅಂಚು ಬಿಟ್ಟುಕೊಟ್ಟು ನಡು ಉಳಿಸಿಕೊಳ್ಳುವ ಲೆಕ್ಕ. ನನಗೆ ರಾತ್ರಿ ಹೊತ್ತು ಸ್ವಲ್ಪ ಕಷ್ಟ, ಬೈಕ್ ಬಿಟ್ಟಿದ್ದೇನೆ. ಆದರೆ ಕಪ್ಪು ಹಲಗೆ ಮೇಲೆ ಬರೆದದ್ದು ಕೊನೆ ಬೆಂಚಿನಿಂದ ಓದುತ್ತೇನೆ. ಹೋದ ದೃಷ್ಟಿ ತರೋದು ಲೇಸರ್ ಕೆಲಸ ಅಲ್ಲ, ಇರೋದನ್ನು ಕಾಯೋದು ಅದರ ಕೆಲಸ. ಇದನ್ನು ಮೊದಲೇ ಹೇಳಿದರೆ ಆಮೇಲೆ ಜನ ಬೇಜಾರಾಗಲ್ಲ.

ಕೆಜಿಎಫ್ ಡಾಕ್ಟ್ರು
ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ, ಈಗ ಕೆಜಿಎಫ್‌ನಲ್ಲಿ ಪ್ರಾಕ್ಟೀಸ್. ಕಣ್ಣಿನ ತಜ್ಞ ಅಲ್ಲ. ಆದರೆ ಚೀನಾ ವೈದ್ಯದ ಬಗ್ಗೆ ನೋಡಿ ತಿಳಿದಿದ್ದು ಸ್ವಲ್ಪ ಇದೆ.

ಅಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಎರಡೂ ವೈದ್ಯ ಒಂದೇ ಕಟ್ಟಡದಲ್ಲಿ ನಡೆಯುತ್ತವೆ. ಸಕ್ಕರೆ ಕಾಯಿಲೆಯಂಥದ್ದಕ್ಕೆ ಅವರ ಹಳೆಯ ಹೆಸರು ಶಿಯಾವ್ ಕ, ಅಂದರೆ ಸೊರಗಿಸುವ ಬಾಯಾರಿಕೆ. ಯಕೃತ್ತಿನ ಬಾಗಿಲು ಕಣ್ಣು ಅಂತ ಅವರ ಎರಡು ಸಾವಿರ ವರ್ಷದ ಗ್ರಂಥದಲ್ಲೇ ಇದೆ. ಬಹಳ ಕಾಲದ ಶುಗರ್‌ನಿಂದ ಮೈಯ ಶಕ್ತಿ, ತೇವ ಎರಡೂ ಕುಗ್ಗಿ ರಕ್ತ ಹರಿಯದೆ ನಿಲ್ಲುತ್ತೆ, ಅದರಿಂದ ಕಣ್ಣು ಕೆಡುತ್ತೆ ಅನ್ನೋದು ಅವರ ವಿವರಣೆ. ಹಾಗಾಗಿ ಶಕ್ತಿಗೆ ಹುವಾಂಗ್‌ಚಿ, ರಕ್ತ ಹರಿಯೋಕೆ ಸಾನ್‌ಚಿ, ದಾನ್‌ಶೆನ್ ಎನ್ನುವ ಬೇರುಗಳನ್ನು ಕೊಡುತ್ತಾರೆ.

ಇದು ಸುಮ್ನೆ ಹೊಡೆದು ಹಾಕುವ ವಿಷಯ ಅಲ್ಲ. ಮಲೇರಿಯಾಕ್ಕೆ ಬಳಸುವ ಆರ್ಟೆಮಿಸಿನಿನ್ ಚೀನಾದ ಹಳೆಯ ಗ್ರಂಥದ ಸುಳಿವಿನಿಂದಲೇ ಸಿಕ್ಕಿದ್ದು, ಅದಕ್ಕೆ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಆಕೆ ಗಿಡದಿಂದ ಸಾರ ತೆಗೆದು, ಪರೀಕ್ಷೆ ಮಾಡಿ, ತೋರಿಸಿದರು. ಕಣ್ಣಿನ ಪರದೆ ಔಷಧಿಗಳಲ್ಲಿ ಅಷ್ಟು ಗಟ್ಟಿ ಪುರಾವೆ ಇನ್ನೂ ಬಂದಿಲ್ಲ. ಅಧ್ಯಯನ ಬಹಳ ಇವೆ, ಕೆಲವದರಲ್ಲಿ ಅನುಕೂಲ ಆಯಿತು ಅಂತಲೂ ಇದೆ. ಹೆಚ್ಚಿನವು ಸಣ್ಣವು. ಯಾರಿಗೆ ಔಷಧಿ, ಯಾರಿಗೆ ಖಾಲಿ ಪುಡಿ ಅಂತ ಮುಚ್ಚಿಟ್ಟು ಮಾಡಿದ್ದು ಕಡಿಮೆ.

@ಗುಬ್ಬಿ ತೋಟದವನು, ಬಾಕ್ಸಿನ ಫೋಟೋ ಹಾಕಿ. ಓದಿ ಹೇಳುತ್ತೇನೆ.

ಗುಬ್ಬಿ ತೋಟದವನು
ಹಾಕಿದ್ದೇನೆ ಸರ್. ಎರಡು ಬಾಕ್ಸ್, ಹಿಂದೆ ಮುಂದೆ.

ಕೆಜಿಎಫ್ ಡಾಕ್ಟ್ರು
ನೋಡಿದೆ. ಕ್ಯಾಪ್ಸೂಲ್ ಹೆಸರು ಫೂಫಾಂಗ್ ಶ್ವೆ ಶ್ವಾನ್ ತೋಂಗ್. ಸಾನ್‌ಚಿ, ಹುವಾಂಗ್‌ಚಿ, ದಾನ್‌ಶೆನ್, ಶ್ವಾನ್‌ಶೆನ್ ಎಂಬ ನಾಲ್ಕು ಬೇರು. ಇದರ ಚೀಟಿಯಲ್ಲಿ ಬರೆದಿರೋದು ಪರದೆಯ ರಕ್ತನಾಳ ಕಟ್ಟಿಕೊಂಡದ್ದಕ್ಕೆ ಮತ್ತು ಎದೆನೋವಿಗೆ. ಶುಗರ್ ಕಣ್ಣಿಗೂ ಅಲ್ಲಿ ಕೊಡುತ್ತಾರೆ.

ಪುಡಿ ಚಿ ಮಿಂಗ್ ಕೆಲಿ. ಇದು ಶುಗರ್ ಕಣ್ಣಿಗೇ ಮಾಡಿದ್ದು. ಆದರೆ ಚೀಟಿಯಲ್ಲೇ ಇದೆ, ಹೊಸ ರಕ್ತನಾಳ ಬೆಳೆಯದ, ಮೊದಲ ಹಂತದವರಿಗೆ ಮಾತ್ರ ಅಂತ. ಇಂಜೆಕ್ಷನ್ ಬದಲು ತಗೊಳ್ಳಿ ಅಂತ ಎಲ್ಲೂ ಇಲ್ಲ. ಶೆನ್‌ಜೆನ್ ಆಸ್ಪತ್ರೆಗೆ ಹೋದರೂ ನಿಮ್ಮ ಅಪ್ಪನ ಸ್ಕ್ಯಾನ್ ನೋಡಿದವರು ಇಂಜೆಕ್ಷನ್ ವಿಷಯವನ್ನೇ ಮೊದಲು ಎತ್ತುತ್ತಾರೆ. ನಿಮ್ಮ ಸೋದರತ್ತೆ ಮಗ ಸುಳ್ಳು ಹೇಳಿಲ್ಲ, ಅಲ್ಲಿ ಕೊಡೋದು ನಿಜ. ಅದರ ಜೊತೆಗೆ ಇನ್ನೇನು ಮಾಡುತ್ತಾರೆ ಅನ್ನೋದು ಅವನಿಗೆ ಗೊತ್ತಾಗಿಲ್ಲ.

ಪುಡಿಯಲ್ಲಿ ಎಂಟು ಪದಾರ್ಥ. ಅದರಲ್ಲಿ ಒಂದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ತಗಚೆ ಜಾತಿಯ ಬೀಜ. ಕೊನೆಯದು ಶ್ವೆಯ್ ಚಿ. ಹಾಗಂದರೆ ಜಿಗಣೆ, ಒಣಗಿಸಿದ್ದು. ನಿಮ್ಮ ಮನೆಯಲ್ಲಿ ಮಾಂಸಾಹಾರ ಇಲ್ಲದಿದ್ದರೆ ಇದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಗುಬ್ಬಿ ತೋಟದವನು
ಸರ್!! ನಮ್ಮಪ್ಪ ಲಿಂಗಧಾರಿ. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ನೀರೂ ಕುಡಿಯಲ್ಲ. ನಿನ್ನೆ ಒಂದು ಪ್ಯಾಕೆಟ್ ಆಗಲೇ ಕುಡಿದಿದ್ದಾರೆ. ಈಗ ಏನು ಹೇಳಲಿ?

ಬಾಗೇಪಲ್ಲಿ ಮೇಷ್ಟ್ರು
ಇದ್ದದ್ದು ಇದ್ದ ಹಾಗೆ ಹೇಳಿ. ತಿಳಿಯದೆ ಆಗಿದ್ದಕ್ಕೆ ದೋಷ ಇಲ್ಲ. ಮುಚ್ಚಿಟ್ಟರೆ ಮಾತ್ರ ಮುಂದೆ ನೀವು ಕೊಟ್ಟ ಯಾವ ಮಾತ್ರೆಯನ್ನೂ ಅವರು ನಂಬಲ್ಲ.

ಸಿದ್ದರಬೆಟ್ಟ
ಜಿಗಣೆ ನಮ್ಮಲ್ಲೂ ಇದೆ, ಸುಶ್ರುತರ ಕಾಲದಿಂದ. ಆದರೆ ಹೊರಗಡೆ ಕಚ್ಚಿಸಿ ರಕ್ತ ತೆಗೆಸೋಕೆ. ಈ ಕಣ್ಣಿನ ತೊಂದರೆಗೆ ಕುಡಿಸುವುದನ್ನು ನಾನು ಕೇಳಿಲ್ಲ.

ಕೆಜಿಎಫ್ ಡಾಕ್ಟ್ರು
ಜಿಗಣೆಗಿಂತ ನನಗೆ ಚಿಂತೆ ಬೇರೆ. ಅಪ್ಪನಿಗೆ ಸ್ಟೆಂಟ್ ಇದೆ, ರಕ್ತ ತೆಳುವಾಗುವ ಮಾತ್ರೆ ಇದೆ. ಜಿಗಣೆಯ ಹಿರುಡಿನ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು. ದಾನ್‌ಶೆನ್ ವಾರ್ಫರಿನ್ ಅನ್ನುವ ರಕ್ತ ತೆಳುವಾಗುವ ಮಾತ್ರೆ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಕೇಳದೆ ಸೇರಿಸಬೇಡಿ. ಹಾಗಂತ ಹಾರ್ಟಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ಎರಡೂ ಬಾಕ್ಸ್, ಹಾರ್ಟಿನ ಚೀಟಿ ಎಲ್ಲ ತಗೊಂಡು ಹೋಗಿ ಕಣ್ಣಿನ ಡಾಕ್ಟರ್ ಮೇಜಿನ ಮೇಲೆ ಇಡಿ. ಬೈಯಬಹುದು, ಬೈಸಿಕೊಳ್ಳಿ.

ಚಿಂತಾಮಣಿ 24
ಗಿಡಮೂಲಿಕೆ ಅಲ್ವಾ, ಒಳ್ಳೆಯದು ಆಗದಿದ್ದರೂ ಕೆಟ್ಟದ್ದಂತೂ ಆಗಲ್ಲ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಕೆಜಿಎಫ್ ಡಾಕ್ಟ್ರು
ಬೆಲ್ಜಿಯಂನಲ್ಲಿ 1990ರ ದಶಕದ ಶುರುವಿನಲ್ಲಿ ತೂಕ ಇಳಿಸೋಕೆ ಚೀನಾ ಗಿಡಮೂಲಿಕೆ ತಗೊಂಡ 100ಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಹೋಗಿತ್ತು. ನಮ್ಮ ಈಶ್ವರ ಬಳ್ಳಿ ಕೂಡ ಅದೇ ಜಾತಿ, ಹಾವು ಕಡಿತಕ್ಕೆ ಅಂತ ಬೇರು ತೇಯ್ದು ಕುಡಿಸುತ್ತಾರಲ್ಲ, ಅದೇ. 2000ದಲ್ಲಿ ಅಮೆರಿಕದಲ್ಲಿ ಶುಗರಿಗೆ ಅಂತ ಮಾರುತ್ತಿದ್ದ ಚೀನಾ ಗಿಡಮೂಲಿಕೆ ಮಾತ್ರೆಗಳನ್ನು ಪರೀಕ್ಷೆ ಮಾಡಿದರೆ ಒಳಗೆ ಇಂಗ್ಲಿಷ್ ಶುಗರ್ ಮಾತ್ರೆಯೇ ಬೆರೆಸಿತ್ತು. ಅದರ ಮೇಲೆ ತಾವು ತಗೊಳ್ಳುವ ಮಾತ್ರೆಯೂ ಸೇರಿದರೆ ಶುಗರ್ ದಿಢೀರ್ ಅಂತ ಬಿದ್ದು ಪ್ರಜ್ಞೆ ತಪ್ಪುತ್ತೆ. ಕಣ್ಣಿಗೆ ಬಂದವರಿಗೆ ಎಷ್ಟೋ ಸಲ ಕಿಡ್ನಿಗೂ ಬಂದಿರುತ್ತೆ, ಅದೂ ಸಣ್ಣ ರಕ್ತನಾಳದ ತೊಂದರೆಯೇ. @ಗುಬ್ಬಿ, ಅಪ್ಪನಿಗೆ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ.

ಪಾವಗಡ ಬಿಸಿಲು
ನಮ್ಮ ಕಡೆಯವರು ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅಂತಾರೆ. ಹಾಗಿದ್ದರೆ ಇಷ್ಟು ಜನಕ್ಕೆ ಹೇಗೆ ಬಂತು?

ತಿಪಟೂರು ಕೊಬ್ಬರಿ
ಮುದ್ದೆ ತಪ್ಪಲ್ಲ, ಮುದ್ದೆ ಸೈಜು ತಪ್ಪು. ನಮ್ಮ ತಾತ ಎರಡು ಮುದ್ದೆ ತಿಂದು ಸಂಜೆವರೆಗೆ ಗುದ್ದಲಿ ಹಿಡಿಯುತ್ತಿದ್ದರು. ನಾವು ಅದೇ ಎರಡು ಮುದ್ದೆ ತಿಂದು ಟಿವಿ ಮುಂದೆ ಕೂರುತ್ತೇವೆ.

ಶಿಡ್ಲಘಟ್ಟ ರೇಷ್ಮೆ
ಮೇಲೆ ಅನ್ನವೂ ಬೇರೆ. ಅಮ್ಮನಿಗೆ ಈಗ ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಪಲ್ಯ, ಬಸ್ಸಾರು. ಅನ್ನ ಎರಡು ತುತ್ತು. ಮೊದಲ ವಾರ ಜಗಳ, ಆಮೇಲೆ ಒಗ್ಗಿತು.

ಸಿದ್ದರಬೆಟ್ಟ
ಬಸ್ಸಾರಿಗೆ ಯಾವ ಸೊಪ್ಪು ತಾಯಿ? ನಮ್ಮಲ್ಲಿ ದಂಟು, ಕಿರಕಸಾಲೆ ಹಾಕುತ್ತೇವೆ.

ಶಿಡ್ಲಘಟ್ಟ ರೇಷ್ಮೆ
ಅದೇ ಅಣ್ಣ. ಜೊತೆಗೆ ಹಲಸಂದೆ ಕಾಳು.

ಕೋಲಾರದ ನರ್ಸಕ್ಕ
ಬಸ್ಸಾರು ಆಮೇಲೆ ಮಾತಾಡೋಣ, ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಬಿಪಿ. ಬರೀ ಶುಗರ್ ನೋಡುತ್ತಾರೆ, ಬಿಪಿ ಮರೆಯುತ್ತಾರೆ. ಇಂಗ್ಲೆಂಡಿನ ದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಬಿಪಿ ಬಿಗಿಯಾಗಿ ಇಟ್ಟವರಲ್ಲಿ ಕಣ್ಣಿನ ಪರದೆ ಕೆಡುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು.

ಇನ್ನೊಂದು, ಈ ಕಾಯಿಲೆಗೆ ಶುರುವಿನಲ್ಲಿ ನೋವಿಲ್ಲ, ಉರಿ ಇಲ್ಲ, ಮಂಜೂ ಇಲ್ಲ. ಮಂಜಾಗುವ ಹೊತ್ತಿಗೆ ತುಂಬ ಮುಂದೆ ಹೋಗಿರುತ್ತೆ. ಟೈಪ್ 2 ಶುಗರ್ ಅಂತ ಗೊತ್ತಾದ ವರ್ಷವೇ ಡ್ರಾಪ್ಸ್ ಹಾಕಿಸಿ ಪರದೆ ನೋಡಿಸಬೇಕು, ಆಮೇಲೆ ವರ್ಷಕ್ಕೊಂದು ಸಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸೋದು ಪರದೆ ಪರೀಕ್ಷೆ ಅಲ್ಲ. @ಸಿದ್ದರಬೆಟ್ಟ ಅಣ್ಣಾ, ನೀವು ಕೊನೆ ಸಲ ಯಾವಾಗ ನೋಡಿಸಿದ್ದು?

ಸಿದ್ದರಬೆಟ್ಟ
ನಿಜ ಹೇಳುತ್ತೇನೆ, ಒಂದು ಸಲವೂ ಇಲ್ಲ. ನನಗೆ ಪೇಪರ್ ಓದೋಕೆ ತೊಂದರೆ ಇಲ್ಲ, ಹಾಗಾಗಿ ಹೋಗಿಲ್ಲ. ಶುಗರ್ ಬಂದು ಏಳು ವರ್ಷ.

ಕೋಲಾರದ ನರ್ಸಕ್ಕ
ಈ ವಾರವೇ ಹೋಗಿ ಅಣ್ಣಾ. ಕಷಾಯ ಕುಡಿಯುವುದನ್ನು ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಸಿದ್ದರಬೆಟ್ಟ
ಸೋಮವಾರ ತುಮಕೂರಿಗೆ ಹೋಗುತ್ತೇನೆ. ಇಲ್ಲೇ ಬಂದು ಬರೆಯುತ್ತೇನೆ.

ಗುಬ್ಬಿ ತೋಟದವನು
ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಜಿಗಣೆ ವಿಷಯ ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಸ್ನಾನ ಮಾಡಿ ಪೂಜೆಗೆ ಕೂತರು. ಎದ್ದು ಬಂದು "ಓದೋಕೆ ಬರದ ಚೀಟಿ ನಂಬಿದ್ದು ನಂದೇ ತಪ್ಪು" ಅಂದರು. ಆಗ ನರ್ಸಕ್ಕ ಬರೆದದ್ದು, ಶಿಡ್ಲಘಟ್ಟದ ಅಕ್ಕ ಬರೆದದ್ದು ಎರಡೂ ಓದಿ ಹೇಳಿದೆ. ಬೇಸಿನ್ ಮುಂದೆ ಕೂತು ಎಳೆ ಹುಡುಕುವ ಜಾಗ ಬಂದಾಗ "ಇನ್ನೊಂದ್ಸಲ ಓದು" ಅಂದರು. ಮಾರನೇ ದಿನ ಅವರೇ ಪಂಚೆ ಉಟ್ಟು ರೆಡಿಯಾಗಿದ್ದರು.

ಹಾರ್ಟಿನ ಡಾಕ್ಟರನ್ನು ಕೇಳಿಕೊಂಡು ಮೊನ್ನೆ ಬಲಗಣ್ಣಿಗೆ ಮೊದಲ ಇಂಜೆಕ್ಷನ್ ಆಯಿತು. ಹೊರಗೆ ಬಂದವರು "ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ, ಆ ತೊಳೆಯೋ ನೀರೇ ಜಾಸ್ತಿ ಉರಿ" ಅಂದರು. ಎಡಗಣ್ಣಿಗೆ ಮುಂದಿನ ವಾರ. ಎರಡೂ ಬಾಕ್ಸ್ ಡಾಕ್ಟರ್ ಮೇಜಿನ ಮೇಲೆ ಇಟ್ಟೆ, ಬೈಯಲಿಲ್ಲ, ಹೆಸರು ಬರೆದುಕೊಂಡು ಸದ್ಯ ಬೇಡ ಅಂದರು. ಕ್ರಿಯಾಟಿನಿನ್ ಸರಿ ಇದೆ, ಮೂತ್ರದಲ್ಲಿ ಪ್ರೋಟೀನ್ ಸ್ವಲ್ಪ ಇದೆ.

ಈಗ ಅಪ್ಪನದ್ದು ಒಂದೇ ಪ್ರಶ್ನೆ. ಸಿದ್ಧಗಂಗೆ ದನದ ಜಾತ್ರೆ ಹತ್ತಿರ ಬಂತು, ಜೋಡಿ ಹೋರಿ ನೋಡೋಕೆ ಹೋಗಬಹುದಾ ಅಂತ.

ಕೋಲಾರದ ನರ್ಸಕ್ಕ
ತುಂಬ ಖುಷಿಯಾಯಿತು. ಇಂಜೆಕ್ಷನ್ ಆದ ಮೊದಲ ಕೆಲವು ದಿನ ಕಣ್ಣಿಗೆ ನೀರು, ಧೂಳು ಬೀಳಬಾರದು, ತಲೆಗೆ ಸ್ನಾನ ಬೇಡ, ಉಜ್ಜಬಾರದು. ಎಡಗಣ್ಣಿನ ಇಂಜೆಕ್ಷನ್ ಆಗಿ ಎಷ್ಟು ದಿನಕ್ಕೆ ಜಾತ್ರೆ ಬೀಳುತ್ತೆ ಅಂತ ಲೆಕ್ಕ ಹಾಕಿ ಡಾಕ್ಟರನ್ನು ಕೇಳಿ. ಹೋಗಬಹುದು ಅಂದರೆ ಅಗಲವಾದ ಕನ್ನಡಕ ಹಾಕಿಸಿ, ದನ ಕಟ್ಟಿದ ಕಡೆ ಧೂಳು ಬಹಳ ಇರುತ್ತೆ.

ಸಿದ್ದರಬೆಟ್ಟ
ನಾನೂ ತೋರಿಸಿಕೊಂಡು ಬಂದೆ ನರ್ಸಕ್ಕ. ಎಡಗಣ್ಣಲ್ಲಿ ಎರಡು ಸಣ್ಣ ರಕ್ತದ ಚುಕ್ಕೆ ಇದೆಯಂತೆ. ಸದ್ಯಕ್ಕೆ ಚಿಕಿತ್ಸೆ ಬೇಡ, ಆರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಬಿಪಿ 160 ಇತ್ತು, ಮಾತ್ರೆ ಬರೆದರು, ಶುರು ಮಾಡಿದ್ದೇನೆ.